ಬೆಳೆಸಿದ ಮಲ್ಲರೂ ಕರೆಸಿದ ಮಲ್ಲರೂ: ಕೊಲ್ಲಾಪುರದ ಕುಸ್ತಿಪರಂಪರೆಯಲ್ಲೊಂದು ವಿವಾದಾಂಶ

ಕ್ರೀಡಾಕ್ಷೇತ್ರವೊಂದು ಪ್ರಬಲವಾಗುವುದು ತನ್ನ ಹುಡುಗರನ್ನು ತಾನೇ ತಿದ್ದಿ ಬೆಳೆಸುವುದರಿಂದಲೋ, ಅನ್ಯತ್ರ ಪ್ರಸಿದ್ಧರಾದವರನ್ನು ಧನಮಾನಗಳಿಂದ ಒಲಿಸಿ ಕರೆತರುವುದರಿಂದಲೋ ಎಂಬ ಜಿಜ್ಞಾಸೆಯು ಅಮೆರಿಕದ ಬೇಸ್‌ಬಾಲಿಗೆ ಸಂಬಂಧಿಸಿದ ಬರವಣಿಗೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬ್ರಾಂಚ್ ರಿಕಿಯು 1920ರ ದಶಕದಲ್ಲಿ ಸಣ್ಣ ಊರುಗಳ ಕಿರಿಯ ತಂಡಗಳನ್ನು ಕೈವಶಮಾಡಿಕೊಂಡು ಎಳೆಯ ಆಟಗಾರರನ್ನು ಅಲ್ಲಿಯೇ ಪಳಗಿಸುವ ಪದ್ಧತಿಯನ್ನು ನೆಲೆಗೊಳಿಸಿದನು. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಜ್ ಎಂಬ ಮಧ್ಯಸ್ಥನು ಕೊಟ್ಟ ತೀರ್ಪಿನ ತರುವಾಯ, ಕರಾರು ತೀರಿದ ಆಟಗಾರನು ತನಗೊಪ್ಪಿದ ತಂಡವನ್ನು ಸೇರಲು ಎಡೆಯಾಗಿ, ಎರಡನೆಯ ಮಾರ್ಗವೂ ಅಗಲವಾಯಿತು. ನಮ್ಮ ಸೀಮೆಯಲ್ಲಿ ಈ ಜಿಜ್ಞಾಸೆಗೆ ಇನ್ನೂ ಹಳೆಯದಾದ ಆಸ್ಪದವಿರುವುದು ಕೊಲ್ಲಾಪುರದ ಕುಸ್ತಿಯಲ್ಲಿ. ಕುಸ್ತಿಯಲ್ಲಿ ತಂಡವೆಲ್ಲಿ ಬಂತು ಎಂದು ಯಾರಾದರೂ ಆಕ್ಷೇಪಿಸಬಹುದು. ಮಣ್ಣಿಗೆ ಇಳಿಯುವವನು ಒಬ್ಬನೇ ಆದರೂ ಮೈದಾನದಲ್ಲಿ ಅವನ ಹೆಸರನ್ನು ಕೂಗುವಾಗ ಊರಿನ ಹೆಸರೂ ತಾಲೀಮಿನ, ಎಂದರೆ ಗರಡಿಯ, ಹೆಸರೂ ಕೂಡಿಯೇ ಬರುತ್ತವೆ. ಗೆಲವು ಮೂರಕ್ಕೂ ಸಲ್ಲುತ್ತದೆ.

ಸರ್ವಸಮ್ಮತವಾದ ಸಂಗತಿಗಳು ಇಷ್ಟು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಸ್ವತಃ ಮಲ್ಲವಿದ್ಯಾಪ್ರಿಯರು. 1902ರ ಯುರೋಪ್ ಪ್ರವಾಸದಲ್ಲಿ ರೋಮಿನ ಪ್ರಾಚೀನ ರಂಗಮಂಡಲವನ್ನು ಕಂಡು ಬಂದು, 1907ರಲ್ಲಿ ತೊಡಗಿಸಿ 1912ರಲ್ಲಿ ಖಾಸಬಾಗ್ ಮೈದಾನವನ್ನು ಪೂರ್ಣಗೊಳಿಸಿದರು. ಪಂಜಾಬಿನ ಮಲ್ಲರಿಗೆ ಅವರ ಆಸ್ಥಾನದಲ್ಲಿ ಆಶ್ರಯವಿತ್ತು. ಗಂಗಾವೇಸ, ಮೋತಿಬಾಗ, ಶಾಹುಪುರಿ ಮೊದಲಾದ ತಾಲೀಮುಗಳು ಹೆಸರಾದುವು. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಹುಟ್ಟುವುದು ಕಾರ್ಯಕಾರಣದ ವಿಷಯದಲ್ಲಿ. ಕಾಶಿಯ ಅಖಾಡಗಳನ್ನು ಆಧರಿಸಿ ಜೋಸೆಫ್ ಆಲ್ಟರ್ ಅವರು 1992ರಲ್ಲಿ ಪ್ರಕಟಿಸಿದ ‘ದಿ ರೆಸ್ಲರ್ಸ್ ಬಾಡಿ’ ಎಂಬ ಗ್ರಂಥವು ಈ ವಿಷಯದಲ್ಲಿ ಈಗಲೂ ಪ್ರಮಾಣಭೂತವಾಗಿದೆ. ಮಲ್ಲನ ಅನ್ನಪಾನಗಳ ಭಾರವನ್ನು ಹೊರುವ ಅರಸನಿಗೆ ಮಲ್ಲನ ದೇಹವೇ ತನ್ನ ಪ್ರಭುತ್ವದ ಪ್ರತೀಕವಾಗುತ್ತದೆ ಎಂಬ ಅವರ ವಿವೇಚನೆಯು ಉತ್ತರದ ಸಂಸ್ಥಾನಗಳ ಮಟ್ಟಿಗೆ ಸಮಂಜಸವೆಂದೇ ತೋರುತ್ತದೆ. ಆದರೆ ಅದನ್ನು ಕೊಲ್ಲಾಪುರಕ್ಕೆ ಹಾಗೆಯೇ ಅನ್ವಯಿಸಿ, ಅರಸನು ಮಲ್ಲರನ್ನು ಕರೆಸಿದನು, ಆದುದರಿಂದ ಊರು ಕುಸ್ತಿಯ ಪಂಢರಿಯಾಯಿತು ಎಂದು ಹೇಳುವ ವಾಡಿಕೆಯನ್ನು ಒಪ್ಪುವುದು ನಮಗೆ ಕಷ್ಟವಾಗಿದೆ.

ಕಾಲಕ್ರಮವನ್ನು ನೋಡಬೇಕು. ಖಾಸಬಾಗಿನ ಉದ್ಘಾಟನೆಯಲ್ಲಿ ಪ್ರಧಾನ ಕುಸ್ತಿಯಾಡಿದವರು ಪ್ರಸಿದ್ಧ ಮಲ್ಲ ಗಾಮಾನ ತಮ್ಮನಾದ ಇಮಾಮ್ ಬಕ್ಷನೂ ಗುಲಾಮ್ ಮೊಹಿಯುದ್ದೀನನೂ, ಇಬ್ಬರೂ ಉತ್ತರದವರು. ಊರು ಮೈದಾನ ಕಟ್ಟಿತು, ಜನ ಸೇರಿತು, ಬಹುಮಾನ ಕೊಟ್ಟಿತು. ಜೋಡಿಯಲ್ಲಿ ಮಾತ್ರ ಊರಿನವರಿರಲಿಲ್ಲ. ಅಲ್ಲಿಂದ ನಲವತ್ತೇಳು ವರ್ಷಗಳ ಬಳಿಕ, 1959ರಲ್ಲಿ, ಕೊಲ್ಲಾಪುರದಲ್ಲಿ ತಯಾರಾದ ಶ್ರೀಪತಿ ಖಂಚನಾಳೆಯವರು ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗನನ್ನು ಸೋಲಿಸಿ ಮೊದಲ ಹಿಂದ್ ಕೇಸರಿಯಾದರು. ಮರುವರ್ಷ ಆ ಬಿರುದು ಮೋತಿಬಾಗ ತಾಲೀಮಿನ ಗಣಪತರಾವ್ ಆಂದಳಕರರಿಗೆ ಬಂದಿತು. ಮೈದಾನದ ಉದ್ಘಾಟನೆಗೂ 1959ರ ಆ ಗೆಲವಿಗೂ ನಡುವೆ, 1949ರ ಮಾರ್ಚ್ 1ರಂದು, ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಮಲ್ಲರನ್ನು ಕರೆಸಬಲ್ಲ ಅರಸೊತ್ತಿಗೆಯೇ ಇಲ್ಲವಾಗಿತ್ತು. ಕರೆಸುವುದೇ ಕಾರಣವಾಗಿದ್ದಲ್ಲಿ ಫಲವು ಕರೆಸುವವನಿದ್ದಾಗ ಕಾಣಬೇಕಾಗಿತ್ತು. ಅವನು ಹೋದ ಹತ್ತು ವರ್ಷಗಳ ಮೇಲೆ ಕಂಡಿತು.

ಈ ವಾದಕ್ಕೆ ಒಂದು ಪ್ರಬಲ ಪ್ರತಿವಾದವಿದೆಯೆಂಬುದನ್ನು ನಾವು ಮರೆತಿಲ್ಲ. ಮಲ್ಲನೊಬ್ಬನು ಪಕ್ವವಾಗಲು ಹತ್ತು ವರ್ಷ ಬೇಕೇ ಬೇಕು. ಆದ್ದರಿಂದ 1959ರ ಫಸಲು ಅರಸನ ಕಾಲದ ಬಿತ್ತನೆಯೇ ಆಗಿರಬಹುದು. ಇದು ಅಂಶತಃ ನಿಜ. ಆದರೆ ಬಿತ್ತನೆ ಎಂದೊಡನೆಯೇ ನಾವು ಕರೆಸುವುದನ್ನು ಬಿಟ್ಟು ಬೆಳೆಸುವುದರ ಮಾತಿಗೆ ಬಂದೆವೆಂಬುದನ್ನು ಪ್ರತಿವಾದಿಗಳು ಗಮನಿಸಬೇಕು. ಹಬ್ಬದ ಒಂದು ಕುಸ್ತಿಗಾಗಿ ಬಂದು, ಇನಾಮು ಪಡೆದು, ರೈಲು ಹತ್ತಿದ ಮಲ್ಲನು ಅರಸನಿಗೆ ಕೀರ್ತಿಯನ್ನು ಕೊಟ್ಟನೇ ಹೊರತು ಊರಿಗೆ ವಿದ್ಯೆಯನ್ನು ಕೊಡಲಿಲ್ಲ. ವಿದ್ಯೆ ಕೈಬದಲಾಗುವ ಸ್ಥಳ ಬೇರೆ. ನಸುಕಿನಲ್ಲಿ ತಾಲೀಮಿನ ಹೊಂಡದ ಕೆಮ್ಮಣ್ಣನ್ನು ಗುದ್ದಲಿಯಿಂದ ಸಡಿಲಿಸಿ, ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಹದಮಾಡಿದ ಮೇಲೆ, ಗುರುವಾದ ವಸ್ತಾದನು ಕಟ್ಟೆಯ ಮೇಲೆ ಕುಳಿತಿರಲು, ಹದಿನಾರರ ಹುಡುಗನೊಬ್ಬನು ಮೂವತ್ತರ ಮಲ್ಲನ ಮೈಗೆ ಮೈ ಕೊಡುತ್ತಾನೆ. ಎದುರಾಳಿಯ ತೋಳನ್ನು ಬಿಗಿಹಿಡಿದು, ಸೊಂಟವನ್ನು ಅವನ ಕೆಳಗೆ ತೂರಿಸಿ ಎತ್ತಿ ಹೊರಳಿಸುವ ಢಾಕ್ ಪಟ್ಟನ್ನು ಹುಡುಗನು ಇಪ್ಪತ್ತು ಸಲ ತಿಂದು, ಇಪ್ಪತ್ತೊಂದನೆಯ ಸಲ ಅದರ ಸುಳಿವನ್ನು ಮೊದಲೇ ಅರಿಯುತ್ತಾನೆ. ಹೊರಗಿನ ಮಲ್ಲನು ಈ ಹೊಂಡದೊಳಗೆ ನಿತ್ಯವೂ ಇಳಿದನೋ ಇಲ್ಲವೋ ಎಂಬುದೊಂದೇ ನಿರ್ಣಾಯಕ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಹೊರಗಿನವನೆಂದರೆ ಯಾರು? ಖಂಚನಾಳೆಯವರ ಹುಟ್ಟೂರು ಎಕ್ಸಂಬಾ. ಅದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಕನ್ನಡ ನಾಡಿನ ಊರು, ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದ ಊರಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ನಕ್ಷೆಯಂತೆ ಮೊದಲ ಹಿಂದ್ ಕೇಸರಿಯು ಮೈಸೂರು ರಾಜ್ಯದವನು! ಸಂಸ್ಥಾನದೊಳಗಿನ ಗಡಹಿಂಗ್ಲಜದ ಕನ್ನಡ ಹುಡುಗನು ಕೊಲ್ಲಾಪುರದ ತಾಲೀಮಿಗೆ ಹೋದರೆ ಒಳಗಿನವನು, ಎಕ್ಸಂಬಾದವನು ಹೋದರೆ ಹೊರಗಿನವನು ಎಂಬ ಗಣನೆಯು ಕಚೇರಿಗೆ ಒಪ್ಪಬಹುದು, ಕುಸ್ತಿಗೆ ಒಪ್ಪದು. ಪಟ್ಟುಗಳನ್ನು ಕಲಿತು ಬಂದವನೋ, ಕಲಿಯಲು ಬಂದವನೋ ಎಂಬುದೇ ಸರಿಯಾದ ವಿಭಜನೆ. ಉತ್ತರ ಪ್ರದೇಶ ಮೂಲದ ದೀನಾನಾಥಸಿಂಗರು ಕೊಲ್ಲಾಪುರದಲ್ಲಿ ನೆಲೆನಿಂತು 1966ರಲ್ಲಿ ಮಹಾರಾಷ್ಟ್ರ ಕೇಸರಿಯಾದಾಗ ಅವರನ್ನು ಪರಸ್ಥಳದವರೆಂದು ಬಗೆಯುವುದು ಎಷ್ಟು ಅಸಂಗತವೆಂಬುದು ಇದರಿಂದ ವಿದಿತವಾದೀತು.

ವಿದ್ಯೆ ಕೈಬದಲಾದಾಗಲೇ ಕರೆಸಿದ್ದು ಸಾರ್ಥಕವೆಂಬುದಕ್ಕೆ ಸಂಗೀತವೂ ಪೋಷಕವಾದ ಸಾಕ್ಷ್ಯವನ್ನೊದಗಿಸುತ್ತದೆ. ಶಾಹೂ ಮಹಾರಾಜರು ಆಸ್ಥಾನಕ್ಕೆ ಬರಮಾಡಿಕೊಂಡ ಅಲ್ಲಾದಿಯಾ ಖಾನರು ಅಲ್ಲಿ ಹಾಡಿದ್ದಷ್ಟೇ ಆಗಿದ್ದರೆ ಅವರ ಹೆಸರು ದರಬಾರಿನ ದಫ್ತರದಲ್ಲಿ ಉಳಿಯುತ್ತಿತ್ತು. ಅವರ ಪುತ್ರರಾದ ಮಂಜೀಖಾನ್, ಭುರ್ಜೀಖಾನರಿಂದ ಕಲಿತ ಮಲ್ಲಿಕಾರ್ಜುನ ಮನ್ಸೂರರ ಮೂಲಕ ಆ ಗಾಯನಶೈಲಿಯು ಧಾರವಾಡದ ಸ್ವತ್ತಾಯಿತು. ಇಚಲಕರಂಜಿಯ ಕಥೆ ಕೊಂಚ ಬೇರೆ: ಅಲ್ಲಿನ ಘೋರ್ಪಡೆ ಜಹಗೀರಿನ ಆಶ್ರಯದಲ್ಲಿದ್ದ ಬಾಳಕೃಷ್ಣಬುವಾ ಗ್ವಾಲಿಯರ್ ಪರಂಪರೆಯ ವಿದ್ಯೆಯನ್ನು ತಾವೇ ಅರಸಿಹೋಗಿ ಸಂಪಾದಿಸಿ ತಂದು, ವಿಷ್ಣು ದಿಗಂಬರ ಪಲುಸ್ಕರರಂಥ ಶಿಷ್ಯರಿಗೆ ಧಾರೆಯೆರೆದರು. ಗುರುವು ಇಲ್ಲಿಗೆ ಬರುವುದೂ ಶಿಷ್ಯನು ಅಲ್ಲಿಗೆ ಹೋಗುವುದೂ ಒಂದೇ ವ್ಯವಹಾರದ ಎರಡು ಮುಖಗಳು.

ನಮ್ಮ ಪ್ರತಿಪಾದನೆಯ ಸಾರವಿಷ್ಟೆ: ಕೊಲ್ಲಾಪುರದಲ್ಲಿ ಕರೆಸುವುದು ಬೆಳೆಸುವುದಕ್ಕೆ ಪ್ರತಿಪಕ್ಷವಾಗಿರಲಿಲ್ಲ, ಅದರ ಒಂದು ಘಟ್ಟವಾಗಿತ್ತು, ಕರೆಸಿದ್ದಷ್ಟಕ್ಕೇ ನಿಂತಲ್ಲಿ ನಿಷ್ಫಲವಾಯಿತು. ಇದು ಎಲ್ಲ ಕ್ರೀಡೆಗಳಿಗೂ, ಎಲ್ಲ ಊರುಗಳಿಗೂ ಸಲ್ಲುವ ಸಿದ್ಧಾಂತವೆಂದು ನಾವು ಹೇಳುವವರಲ್ಲ. ಪೇಟೆಗೊಂದು ತಾಲೀಮು ಇದ್ದ ಊರಿನ ಮಾತಿದು. ಅರಮನೆಯೊಳಗೇ ಅಖಾಡವಿದ್ದೆಡೆ ಆಲ್ಟರ್ ಅವರ ಮಾತೇ ಸರಿಯಿರಬಹುದು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗಳಿಸಿದ ಖಾಶಾಬಾ ಜಾಧವರಂತೂ ಈ ಚೌಕಟ್ಟಿಗೆ ಪೂರ್ತಿಯಾಗಿ ಹೊಂದುವುದಿಲ್ಲ: ಕರಾಡದ ಸಮೀಪದ ಗೋಳೇಶ್ವರದ ಆ ಹುಡುಗನ ಹಿಂದೆ ಕೊಲ್ಲಾಪುರದ ರಾಜಾರಾಮ ಕಾಲೇಜು ಇತ್ತು, ಮನೆಯನ್ನು ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಒದಗಿಸಿದ ಪ್ರಾಂಶುಪಾಲ ಖರ್ಡೇಕರರಿದ್ದರು. ಈ ಬಗೆಯ ಪೋಷಣೆಯನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬುದು ವಿಚಾರಣೀಯ.

ಮಲ್ಲನಿಗೆ ಯಾವ ವಯಸ್ಸಿನಲ್ಲಿ, ಯಾರ ಹಣದಿಂದ, ಎಷ್ಟು ಹಾಲು-ತುಪ್ಪ-ಬಾದಾಮಿಯ ಖುರಾಕು ಸಲ್ಲುತ್ತಿತ್ತೆಂಬುದರ ಲೆಕ್ಕವೇ ಈ ವಿವಾದವನ್ನು ಬಗೆಹರಿಸಬಲ್ಲ ಸಾಮಗ್ರಿ. ತಾಲೀಮುಗಳ ಪದಾಧಿಕಾರಿಗಳೂ ಹಳೆಯ ವಸ್ತಾದರ ಮನೆಯವರೂ ತಮ್ಮಲ್ಲಿರುವ ವಹಿಗಳನ್ನು ರದ್ದಿಗೆ ಹಾಕದೆ ಕಾದಿಟ್ಟು, ಕನ್ನಡ ಮರಾಠಿಗಳೆರಡನ್ನೂ ಬಲ್ಲ ಗಡಿಭಾಗದ ತರುಣ ಸಂಶೋಧಕರಿಗೆ ತೋರಿಸಬೇಕೆಂದು ವಿಜ್ಞಾಪಿಸುತ್ತೇವೆ.