ಗೋವೆಯ ಹಳೆಯ ಗ್ರಂಥವೂ ಬಜೆಯ ಬೇರೂ

ಕನ್ನಡಿಗರ ಮನೆಗಳಲ್ಲಿ ಕೂಸು ಹುಟ್ಟಿದೊಡನೆ ಅಂಗಡಿಯಿಂದ ತರಿಸುವ ವಸ್ತುಗಳಲ್ಲಿ ಬಜೆಯೂ ಒಂದು. ಗಂಟುಗಂಟಾದ, ಕಂದುಬಣ್ಣದ, ಘಾಟು ಬೆರೆತ ಸುವಾಸನೆಯ ಈ ಬೇರನ್ನು ಸಾಣೆಕಲ್ಲಿನ ಮೇಲೆ ತೇಯ್ದು, ತಾಯಿಯ ಹಾಲಿನಲ್ಲಿ ಕಲಸಿ ಮಗುವಿಗೆ ನೆಕ್ಕಿಸುವುದನ್ನೂ, ಅದರ ತುಂಡುಗಳನ್ನು ದಾರದಲ್ಲಿ ಪೋಣಿಸಿ ಮಗುವಿನ ಕೈಗೆ ಕಟ್ಟುವುದನ್ನೂ ವಾಚಕರು ಕಂಡೇ ಇರುತ್ತಾರೆ. ಹೊಟ್ಟೆಯುಬ್ಬರ ಇಳಿಯಲಿ, ಮಾತು ಬೇಗ ಬರಲಿ ಎಂಬುದು ಹಿರಿಯರ ಆಶಯ. ಸಂಸ್ಕೃತದಲ್ಲಿ ಈ ಬೇರಿನ ಹೆಸರು ‘ವಚಾ’. ವಾಕ್ಕಿಗೂ ಅದಕ್ಕೂ ನಂಟನ್ನು ಕಲ್ಪಿಸಿದವರು ಹೆಸರನ್ನು ನೋಡಿ ಗುಣವನ್ನು ಹೇಳಿದರೋ, ಗುಣವನ್ನು ನೋಡಿ ಹೆಸರಿಟ್ಟರೋ, ಅದು ಪಂಡಿತರಿಗೆ ಬಿಟ್ಟ ವಿಚಾರ. ಈ ಬೇರಿನ ಇತಿಹಾಸದಲ್ಲಿ ನಾವು ನೆಲೆಸಿರುವ ಗೋವೆಗೆ ಒಂದು ವಿಶೇಷವಾದ ಸ್ಥಾನವುಂಟು. ಆ ಇತಿಹಾಸದ ಈಚಿನ ಅಧ್ಯಾಯವಾದರೋ ನಮ್ಮ ಎಷ್ಟೋ ಮನೆಗಳಿಗೆ ಇನ್ನೂ ಮುಟ್ಟಿಲ್ಲ. ಆದುದರಿಂದ ಎರಡನ್ನೂ ಒಟ್ಟಿಗೆ ಹೇಳಲು ಹೊರಟಿದ್ದೇವೆ.

ಪಣಜಿಯ ಚರ್ಚಿನ ಬಳಿಯ ನಗರೋದ್ಯಾನಕ್ಕೆ ಗಾರ್ಸಿಯಾ ದ ಓರ್ತಾ ಎಂಬ ಹೆಸರಿರುವುದು ಕೆಲವರಿಗಾದರೂ ತಿಳಿದಿರಬಹುದು. ಈತನು ಪೋರ್ತುಗೀಸ್ ವೈದ್ಯ. ೧೫೩೪ರಲ್ಲಿ ಹಡಗೇರಿ ಭಾರತಕ್ಕೆ ಬಂದವನು ಮರಳಿ ತನ್ನ ದೇಶವನ್ನು ಕಾಣಲಿಲ್ಲ. ಗೋವೆಯಲ್ಲಿ ಮನೆ ಮಾಡಿ, ತೋಟ ಬೆಳೆಸಿ, ಅಹಮದನಗರದ ಬುರ್ಹಾನ್ ನಿಜಾಮ ಷಹನ ಆಸ್ಥಾನಕ್ಕೂ ವೈದ್ಯನಾಗಿ ಹೋಗಿಬರುತ್ತ, ಇಲ್ಲಿನ ಗಿಡಮೂಲಿಕೆಗಳನ್ನು ಮೂವತ್ತು ವರ್ಷ ಪರೀಕ್ಷಿಸಿದನು. ಅವನ ಗ್ರಂಥವು ೧೫೬೩ನೆಯ ಇಸವಿಯ ಏಪ್ರಿಲ್ ೧೦ರಂದು ಗೋವೆಯಲ್ಲಿಯೇ ಅಚ್ಚಾಯಿತು. ಭಾರತಕ್ಕೆ ಮುದ್ರಣಯಂತ್ರವು ಮೊದಲು ಬಂದುದೇ ೧೫೫೬ರಲ್ಲಿ, ಇದೇ ಗೋವೆಗೆ. ಏಳು ವರ್ಷಗಳೊಳಗೆ ಇಂಥ ಗ್ರಂಥವು ಹೊರಬಂದುದು ಸಾಮಾನ್ಯ ಸಂಗತಿಯಲ್ಲ. ಗ್ರಂಥವಿರುವುದು ಸಂವಾದರೂಪದಲ್ಲಿ. ರುವಾನೊ ಎಂಬ ಹೊಸಬನು ಪ್ರಶ್ನೆ ಕೇಳುತ್ತಾನೆ, ಓರ್ತಾ ಉತ್ತರಿಸುತ್ತಾನೆ. ನಮ್ಮ ತರಗತಿಗಳ ಪ್ರಶ್ನೋತ್ತರ ಪದ್ಧತಿಗೆ ಇದಕ್ಕಿಂತ ಹಿರಿಯ ಮಾದರಿಯನ್ನು ಗೋವೆಯ ಅಚ್ಚುಪುಸ್ತಕಗಳಲ್ಲಿ ಹುಡುಕುವುದು ಕಷ್ಟ.

ಅದರ ಹನ್ನೊಂದನೆಯ ಸಂವಾದದಲ್ಲಿ ನಮ್ಮ ಬಜೆ ಬರುತ್ತದೆ. ಓರ್ತಾ ಮೊದಲು ಹೆಸರುಗಳನ್ನು ಕೊಡುತ್ತಾನೆ: ಗುಜರಾತಿನವರು ‘ವಜ್’ ಎನ್ನುತ್ತಾರೆ, ದಖ್ಖಣದವರು ‘ಬಚೆ’, ಮಲಬಾರಿನವರು ‘ವಜಾಬು’, ಕೊಂಕಣದವರು ‘ವೈಕಂ’, ಮಲಯದವರು ‘ದರಿಂಗೊ’. ದಖ್ಖಣದ ‘ಬಚೆ’ ನಮ್ಮ ‘ಬಜೆ’ಗೆ ಎಷ್ಟು ಹತ್ತಿರವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೊಂಕಣದ ‘ವೈಕಂ’ ಎಂಬುದು ಇಂದಿನ ‘ವೇಖಂಡ’ವಲ್ಲದೆ ಬೇರೆಯಲ್ಲ, ಮಾಪುಸೆಯ ಶುಕ್ರವಾರದ ಸಂತೆಯಲ್ಲಿ ಬಜೆ ಬೇಕಾದವರು ಇಂದಿಗೂ ಕೇಳಬೇಕಾದ ಹೆಸರು ಅದೇ. ಪರದೇಶದವನ ಕಿವಿಗೆ ಬಿದ್ದ ಶಬ್ದವು ನಾಲ್ಕೂವರೆ ಶತಮಾನ ಕಳೆದ ಮೇಲೂ ಗುರುತು ಸಿಗುವಂತಿದೆ. ಚಳಿಗಾಲದ ಬೆಳಗಿನಲ್ಲಿ ಇದನ್ನು ಕುಟ್ಟಿ, ಬೆಳ್ಳುಳ್ಳಿ, ಬೆಣ್ಣೆ, ಸಕ್ಕರೆ ಮೊದಲಾದವುಗಳೊಡನೆ ಕುದುರೆಗಳಿಗೆ ತಿನ್ನಿಸುತ್ತಿದ್ದರೆಂದೂ ಅವನು ಬರೆದಿದ್ದಾನೆ. ಗೋವೆಯ ಬಂದರಿನಿಂದ ವಿಜಯನಗರಕ್ಕೂ ಬಿಜಾಪುರಕ್ಕೂ ಅರಬ್ಬೀ ಕುದುರೆಗಳು ಸಾಗುತ್ತಿದ್ದ ಕಾಲ ಅದು. ಕುದುರೆಯ ಆರೋಗ್ಯವೆಂದರೆ ವ್ಯಾಪಾರದ ಆರೋಗ್ಯ.

ಬೇರಿನ ಹೆಸರೇನು, ಎಲ್ಲಿ ಬೆಳೆಯುವುದು, ಯಾವುದಕ್ಕೆ ಒದಗುವುದು ಎಂಬ ಪ್ರಶ್ನೆಗಳನ್ನು ಓರ್ತಾ ಬಿಡದೆ ಕೇಳಿದನು. ಬೇರಿನ ಒಳಗೆ ಇರುವ ವಸ್ತು ಯಾವುದು ಎಂದು ಕೇಳುವ ರಸಾಯನಶಾಸ್ತ್ರವು ಅಂದು ಹುಟ್ಟಿರಲಿಲ್ಲ.

ಓರ್ತಾ ೧೫೬೮ರಲ್ಲಿ ತೀರಿಕೊಂಡನು. ಹುಟ್ಟಿನಿಂದ ಯಹೂದಿ ಮೂಲದವನೆಂಬ ಕಾರಣದಿಂದ, ೧೫೮೦ರಲ್ಲಿ ಗೋವೆಯ ಇನ್‌ಕ್ವಿಸಿಷನ್ ನ್ಯಾಯಮಂಡಲಿಯವರು ಅವನ ಎಲುಬುಗಳನ್ನು ಗೋರಿಯಿಂದ ತೆಗೆಸಿ ಸುಡಿಸಿದರು. ಪುಸ್ತಕವನ್ನಾದರೋ ಸುಡಲಾಗಲಿಲ್ಲ. ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞನು ೧೫೬೭ರಲ್ಲಿಯೇ ಅದನ್ನು ಲ್ಯಾಟಿನ್ನಿನಲ್ಲಿ ಸಂಗ್ರಹಿಸಿ ಆಂಟ್‌ವರ್ಪ್ ನಗರದಲ್ಲಿ ಪ್ರಕಟಿಸಿದ್ದನು. ಇದೇ ಕ್ಲೂಸಿಯಸ್ ೧೫೭೪ರ ಸುಮಾರಿಗೆ ಬಜೆಯ ಗಿಡವನ್ನು ವಿಯೆನ್ನಾದಲ್ಲಿ ನೆಟ್ಟು ಬೆಳೆಸಿದನು. ಅದು ಬಂದುದು ತುರ್ಕಿಯ ದಾರಿಯಿಂದ, ಗೋವೆಯಿಂದಲ್ಲ. ಅಲ್ಲಿಂದ ಮುಂದೆ ಯುರೋಪಿನ ಕೆರೆಕಟ್ಟೆಗಳ ಅಂಚಿನಲ್ಲೆಲ್ಲ ಈ ಗಿಡ ಹಬ್ಬಿತು. ಅಲ್ಲಿಯವರು ಬೇರನ್ನು ಸಕ್ಕರೆಪಾಕದಲ್ಲಿ ಹಾಕಿ ಮಿಠಾಯಿ ಮಾಡಿದರು. ಅದರ ಎಣ್ಣೆಯನ್ನು ಇಳಿಸಿ ಕಹಿಮದ್ಯಗಳಿಗೂ ಸುಗಂಧಗಳಿಗೂ ಬೆರೆಸಿದರು. ನಮ್ಮಲ್ಲಿ ಮದ್ದಾಗಿದ್ದ ವಸ್ತುವು ಅಲ್ಲಿ ರುಚಿಗಾಗಿ ಬೆರೆಸುವ ದ್ರವ್ಯವಾಯಿತು. ೧೭೫೩ರಲ್ಲಿ ಲಿನೇಯಸ್ ಅದಕ್ಕೆ ಅಕೋರಸ್ ಕ್ಯಾಲಮಸ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು.

ಇತ್ತ ದಕ್ಷಿಣದಲ್ಲಿ ಬಜೆಯ ಮೇಲಿನ ನಂಬಿಕೆ ಎಷ್ಟಿತ್ತೆಂದರೆ, ಮದರಾಸಿನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದ ಐನ್ಸ್‌ಲಿ ಎಂಬವನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ್ದಾನೆ: ನಡುರಾತ್ರಿಯಲ್ಲಿ ಮಗುವಿಗಾಗಿ ಈ ಬೇರನ್ನು ಕೇಳಿ ಬಂದವರಿಗೆ ಬಾಗಿಲು ತೆರೆಯದ ಅಂಗಡಿಕಾರನು ದಂಡ ತೆರಬೇಕಾಗಿತ್ತಂತೆ! ಸಕಾಲದಲ್ಲಿ ಡಾಕ್ಟರನಾಗಲಿ ಆಸ್ಪತ್ರೆಯಾಗಲಿ ದೊರೆಯದ ದಿನಗಳಲ್ಲಿ ಆ ತಾಯಂದಿರಿಗೆ ಬೇರೆ ಯಾವ ಆಸರೆಯಿತ್ತು? ಅವರನ್ನು ಅಜ್ಞಾನಿಗಳೆಂದು ಹಳಿಯುವುದು ನಮಗೆ ಒಪ್ಪಿಗೆಯಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬೇರಿನ ಒಳಗನ್ನು ನೋಡುವ ಸಾಧನಗಳು ದೊರೆತುವು. ಬಜೆಯ ಎಣ್ಣೆಯಲ್ಲಿ ಬೀಟಾ-ಅಸರೋನ್ ಎಂಬ ದ್ರವ್ಯವಿದೆ. ಇಂಗಾಲದ ೧೨, ಜಲಜನಕದ ೧೬, ಆಮ್ಲಜನಕದ ೩ ಪರಮಾಣುಗಳು ಕೂಡಿ ಆಗಿರುವ ಈ ದ್ರವ್ಯವೇ ಬಜೆಯ ಬಲಕ್ಕೂ ಕೇಡಿಗೂ ಮುಖ್ಯ ಕಾರಣ. ಆದರೆ ಎಲ್ಲ ದೇಶದ ಬಜೆಯೂ ಒಂದೇ ಅಲ್ಲ. ಉತ್ತರ ಅಮೆರಿಕದ ಗಿಡದ ಜೀವಕೋಶದಲ್ಲಿ ೨೪ ವರ್ಣತಂತುಗಳು. ಅದರಲ್ಲಿ ಬೀಟಾ-ಅಸರೋನ್ ಇಲ್ಲವೆನ್ನಬಹುದು. ಯುರೋಪಿನದರಲ್ಲಿ ೩೬, ಅಲ್ಲಿ ಈ ದ್ರವ್ಯವು ಅಲ್ಪ ಪ್ರಮಾಣದಲ್ಲಿದೆ. ಭಾರತದಲ್ಲಿಯೂ ಪೂರ್ವ ಏಷ್ಯದಲ್ಲಿಯೂ ಸಿಗುವ ೪೮ ವರ್ಣತಂತುಗಳ ಜಾತಿಯ ಎಣ್ಣೆಯಲ್ಲಾದರೋ ಇದು ಶೇಕಡ ೭೦ಕ್ಕೂ ಮಿಕ್ಕಿರುವುದುಂಟು. ಯುರೋಪಿನ ಅಜ್ಜಿಯರು ಬಜೆಯ ಮಿಠಾಯಿ ತಿನ್ನಿಸಿದರಲ್ಲಾ, ನಮಗೇಕೆ ಹೆದರಿಕೆ ಎಂದು ವಾದಿಸುವವರು ಈ ಭೇದವನ್ನು ಮರೆಯಬಾರದು. ಬೇರನ್ನು ಕಣ್ಣಿನಿಂದ ನೋಡಿ ಯಾವ ಜಾತಿಯದೆಂದು ಹೇಳುವುದು ಅಂಗಡಿಯವನಿಗೂ ಆಗದ ಮಾತು.

೧೯೬೦ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಜಮ್ಮುವಿನ ಬಜೆಯೆಣ್ಣೆಯನ್ನು ಆಹಾರದಲ್ಲಿ ಬೆರೆಸಿ ಇಲಿಗಳಿಗೆ ಬಹುಕಾಲ ತಿನ್ನಿಸಿ ನೋಡಿದರು. ಇಲಿಗಳ ಬೆಳವಣಿಗೆ ಕುಂದಿತು. ಸಣ್ಣಕರುಳಿನ ಮೊದಲ ಭಾಗದಲ್ಲಿ ದುರ್ಮಾಂಸದ ಗಡ್ಡೆಗಳು ಕಾಣಿಸಿಕೊಂಡುವು. ೧೯೬೮ರಲ್ಲಿ ಅಮೆರಿಕದ ಸರಕಾರವು ಬಜೆಯನ್ನೂ ಅದರ ಎಣ್ಣೆಯನ್ನೂ ಸಾರವನ್ನೂ ಆಹಾರದಲ್ಲಿ ಬೆರೆಸಕೂಡದೆಂದು ನಿಷೇಧಿಸಿತು. ಯುರೋಪಿನ ನಿಯಮವು ಮದ್ಯದಲ್ಲಿ ಒಂದು ಕಿಲೋಗ್ರಾಮಿಗೆ ಒಂದು ಮಿಲಿಗ್ರಾಂ ಎಂಬ ಮಿತಿಯನ್ನು ಹಾಕಿತು. ನಮ್ಮ ದೇಶದ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿಯೂ, ಅವುಗಳ ಸ್ಥಾನಕ್ಕೆ ೨೦೧೧ರಲ್ಲಿ ಬಂದ ಆಹಾರ ಸುರಕ್ಷತಾ ನಿಯಮಗಳಲ್ಲಿಯೂ ರುಚಿಕಾರಕವಾಗಿ ಬಳಸಕೂಡದ ದ್ರವ್ಯಗಳ ಪಟ್ಟಿಯೊಂದಿದೆ. ಕೂಮರಿನ್, ಸಾಫ್ರೋಲ್ ಮೊದಲಾದವುಗಳ ಸಾಲಿನಲ್ಲಿ ಬೀಟಾ-ಅಸರೋನ್ ಕೂಡ ಅಲ್ಲಿ ಸೇರಿದೆ. ಇಲಿಗೆ ಆದುದೆಲ್ಲ ಮನುಷ್ಯನಿಗೂ ಆಗಲೇಬೇಕೆಂದಿಲ್ಲ, ನಿಜ. ಆದರೆ ಬೇಕರಿಯ ಬಿಸ್ಕತ್ತಿಗೆ ಬೆರೆಸಬಾರದೆಂದು ಕಾನೂನು ಹೇಳುವ ದ್ರವ್ಯವನ್ನು ತಿಂಗಳ ಕೂಸಿನ ನಾಲಗೆಗೆ ಹಚ್ಚುವುದರಲ್ಲಿ ಯಾವ ವಿವೇಕವಿದೆ?

ಇಲ್ಲಿ ಆಯುರ್ವೇದದ ಮೇಲೆ ದೋಷ ಹೊರಿಸಲು ನಾವು ಸಿದ್ಧರಿಲ್ಲ. ಶಾಸ್ತ್ರವು ಮನೆಮದ್ದಿಗಿಂತ ಜಾಗರೂಕವಾಗಿದೆ. ವಚಾ ಬೇರನ್ನು ಗೋಮೂತ್ರದಲ್ಲಿಯೂ ಕಷಾಯಗಳಲ್ಲಿಯೂ ಬೇಯಿಸಿ ಶುದ್ಧಿಗೊಳಿಸಿದ ಮೇಲೆ ಬಳಸುವ ವಿಧಿಯುಂಟು. ಭಾರತ ಸರಕಾರದ ಆಯುರ್ವೇದ ಔಷಧಕೋಶವು ಅದರ ಪುಡಿಯ ಪ್ರಮಾಣವನ್ನು ೬೦ರಿಂದ ೧೨೦ ಮಿಲಿಗ್ರಾಂ ಎಂದು ಗೊತ್ತುಪಡಿಸಿ, ವಾಂತಿ ಮಾಡಿಸಬೇಕಾದಾಗ ಒಂದರಿಂದ ಎರಡು ಗ್ರಾಂ ಎನ್ನುತ್ತದೆ. ಮದ್ದಿನ ಅಳತೆಗೂ ವಮನದ ಅಳತೆಗೂ ಇರುವ ಅಂತರವನ್ನು ಒಂದು ಚಿಟಿಕೆಯಲ್ಲಿ ದಾಟಿಬಿಡಬಹುದು. ಈ ಅಳತೆ ಕೂಡ ವೈದ್ಯನ ಕೈಯದು, ಶಿಶುವಿಗೆ ಹೇಳಿದುದಲ್ಲ. ಸಾಣೆಕಲ್ಲಿನ ಮೇಲೆ ಹತ್ತು ಸುತ್ತು ತೇಯ್ದರೆ ಎಷ್ಟು, ಇಪ್ಪತ್ತು ಸುತ್ತಿಗೆ ಎಷ್ಟು ಎಂದು ಯಾವ ಅಜ್ಜಿ ತೂಗಿದ್ದಾಳೆ? ಬೇರನ್ನು ತಿಂದ ವಯಸ್ಕರು ಗಂಟೆಗಟ್ಟಲೆ ವಾಂತಿಯಿಂದ ಬಳಲಿದ ಪ್ರಸಂಗಗಳನ್ನು ಸ್ವೀಡನ್ ದೇಶದ ವೈದ್ಯರು ವರದಿ ಮಾಡಿದ್ದಾರೆ. ಕೂಸಿಗೆ ಅಂಥ ವಾಂತಿಯಾದರೆ ಮೈಯ ನೀರು ಬೇಗನೆ ಬತ್ತುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬಜೆಗೂ ಅನ್ವಯಿಸುವ ಮಾತೇ. ಕೈಗೆ ಕಟ್ಟಿದ ದಾರವೂ ನಿರಪಾಯವಲ್ಲ. ಹಲ್ಲು ಬರುವ ಮಗು ಕೈಗೆ ಸಿಕ್ಕಿದುದನ್ನೆಲ್ಲ ಚೀಪುತ್ತದೆ. ದಾರ ಕಡಿದರೆ ತುಂಡು ಗಂಟಲಿನಲ್ಲಿ ಸಿಕ್ಕಬಹುದು. ವಾಸ್ಕೋ, ಮಡಗಾಂವಗಳ ನಮ್ಮ ಶಾಲೆಗಳಲ್ಲಿ ಕಲಿಯುವ ಹುಡುಗಿಯರಲ್ಲಿ ಅನೇಕರು, ತಾಯಿ ಕೂಲಿಗೆ ಹೋದಾಗ ತಮ್ಮತಂಗಿಯರನ್ನು ನೋಡಿಕೊಳ್ಳುವವರು. ಆದುದರಿಂದ ಈ ವಿಷಯವನ್ನು ಅವರಿಗೇ ಮೊದಲು ತಿಳಿಸಬೇಕಾಗಿದೆ.

ಹಾಗಾದರೆ ಬಜೆಯನ್ನು ಮನೆಯಿಂದ ಹೊರಹಾಕಬೇಕೆ? ಬೇಡ. ಹಳೆಯ ಕಾಲದವರು ತಾಳೆಯೋಲೆಯ ಕಟ್ಟುಗಳ ನಡುವೆ ಹುಳು ಬೀಳದಂತೆ ಬಜೆಯ ತುಂಡುಗಳನ್ನಿಡುತ್ತಿದ್ದರು. ಬೀಟಾ-ಅಸರೋನ್ ಕೀಟಗಳ ಸಂತಾನಶಕ್ತಿಯನ್ನೇ ಕುಗ್ಗಿಸುವುದೆಂದು ನಮ್ಮ ದೇಶದ ವಿಜ್ಞಾನಿಗಳು ೧೯೭೦ರ ದಶಕದಲ್ಲಿ ಕಂಡುಕೊಂಡರು. ಓಲೆಗರಿ ಕಾದವರ ಅನುಭವಕ್ಕೆ ಹೀಗೆ ಆಧಾರ ದೊರೆಯಿತು. ಗೋವೆಯ ಮಳೆಗಾಲದಲ್ಲಿ ಶಾಲೆಯ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿದು ಹುಳು ಬೀಳುವುದನ್ನು ಬಲ್ಲ ಉಪಾಧ್ಯಾಯರು ಇದನ್ನು ಪ್ರಯೋಗಿಸಿ ನೋಡಬಹುದು. ಬೂಷ್ಟಿಗೆ ಬಿಸಿಲೇ ಮದ್ದು, ಹುಳುವಿಗೆ ಬಜೆ. ಒಣಗಿದ ತುಂಡುಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಮೇಲಿನ ಹಲಗೆಯ ಮೂಲೆಗಳಲ್ಲಿಡಬೇಕು. ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಎಣ್ಣೆಯಾದರೆ ಬರಿಗೈಯಿಂದ ಮುಟ್ಟಬಾರದು, ಚರ್ಮ ಉರಿಯುವುದುಂಟು. ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಬೇಕು. ಉಳಿದ ಬೇರನ್ನು ಅಡುಗೆಯ ಶುಂಠಿ, ಅರಿಸಿನಗಳ ಡಬ್ಬಿಗಳ ಜೊತೆಗಿಡದೆ, ಬೇರೊಂದು ಡಬ್ಬಿಯಲ್ಲಿ ಹಾಕಿ, ಮೇಲೆ ‘ಬಜೆ, ತಿನ್ನುವುದಕ್ಕಲ್ಲ’ ಎಂದು ಕನ್ನಡದಲ್ಲಿಯೂ ‘ವೇಖಂಡ’ ಎಂದು ನೆರೆಮನೆಯವರ ಭಾಷೆಯಲ್ಲಿಯೂ ಚೀಟಿ ಅಂಟಿಸಿ, ಮಕ್ಕಳ ಕೈಗೆ ಎಟುಕದ ಕಡೆ ಇಡತಕ್ಕದ್ದು.