ಹಾಡಿಗೂ ಒಂದು ಗಡಿ

1895ರಿಂದ ಮುಲ್ಲೈಪೆರಿಯಾರು ಅಣೆಯ ನೀರೇ ನಮ್ಮ ಕಂಬಂ ಕಣಿವೆಗೆ ಜೀವ. 2011ರ ಡಿಸೆಂಬರಿನಲ್ಲಿ ಅಣೆ ಜಗಳ ಬಿಸಿಯೇರಿ, ಸಾವಿರಾರು ಜನ ಕುಮುಳಿ ಗಡಿಗೆ ನಡೆದರು. ನಾನೂ ನೀರಿನ ಹಾಡು ಕಟ್ಟಿದೆ. "ಗಡಿ ದಾಟಿ ಹೊಡೀರಿ ಅಂತ ಸೇರಿಸು ಮಾಮಾ" ಅಂದ ಒಬ್ಬ ಹುಡುಗ. "ಆಗಲ್ಲಪ್ಪಾ" ಅಂದೆ. ಕುಮುಳಿಯಾಚೆ ಏಲಕ್ಕಿ ತೋಟಕ್ಕೆ ಕೂಲಿ ಹೋಗೋರು ನಮ್ಮ ಹೆಂಗಸರೇ. ಏಟು ತಿರುಗಿ ಅವರಿಗೇ ಬೀಳೋದು.

2015ರಲ್ಲಿ ಮದ್ಯದಂಗಡಿ ಮುಚ್ಚಿರೆಂದು ಹಾಡಿದ ತಿರುಚ್ಚಿಯ ಕೋವನ್ ಅವರನ್ನು ರಾಜದ್ರೋಹವೆಂದು ಹಿಡಿದರು. ಆದರೆ 1962ರಲ್ಲೇ ಕೇದಾರನಾಥ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು: ಸರ್ಕಾರವನ್ನು ಎಷ್ಟು ಖಾರವಾಗಿ ಬೈದರೂ ಅದು ರಾಜದ್ರೋಹವಲ್ಲ, ಜನರನ್ನು ಹಿಂಸೆಗೆ, ಗಲಭೆಗೆ ಎಬ್ಬಿಸಿದರೆ ಮಾತ್ರ ಅಪರಾಧ.

"ಅಂಗಡಿ ಮುಚ್ಚಿ", "ನೀರು ಬಿಡಿ" ಅನ್ನೋದು ನಮ್ಮ ಹಕ್ಕು. "ಹೊಡೀರಿ" ಅನ್ನೋದು ಹಕ್ಕಲ್ಲ. ನೀರಿನ ಹಾಡು ಇವತ್ತೂ ಹಾಡ್ತೀನಿ, ಆ ಸಾಲಿಲ್ಲದೆ.