ಆಶ್ರಯ ಕಾನೂನು ಹಾಗೂ ನೀತಿಯಲ್ಲಿ ನಿರಾಶ್ರಿತ ಮಹಿಳೆಯರ ಹಕ್ಕುಗಳ ರಕ್ಷಣೆ

1. ಪೀಠಿಕೆ

ನಿರಾಶ್ರಿತರು ಯಾರೆಂಬುದನ್ನು 1951ರ ನಿರಾಶ್ರಿತರ ಒಡಂಬಡಿಕೆ ಹಾಗೂ ಅದರ 1967ರ ಪ್ರೋಟೋಕಾಲ್ ನಿರೂಪಿಸುತ್ತವೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಕಿರುಕುಳಕ್ಕೆ ಗುರಿಯಾಗುವ ಸಕಾರಣ ಭಯವುಳ್ಳವರಾಗಿ, ಸ್ವದೇಶದ ಹೊರಗಿದ್ದು, ಅದರ ರಕ್ಷಣೆ ಪಡೆಯಲಾಗದವರು ನಿರಾಶ್ರಿತರೆನಿಸುತ್ತಾರೆ. ಈ ಐದು ಕಾರಣಗಳಲ್ಲಿ ಲಿಂಗವು ಸೇರಿರುವುದಿಲ್ಲ. ಆದುದರಿಂದ ಬಲವಂತದ ವಿವಾಹ, ಜನನಾಂಗ ಛೇದನ, ಕೌಟುಂಬಿಕ ಹಿಂಸೆ ಮುಂತಾದವುಗಳಿಂದ ಪಾರಾಗಿ ಬಂದ ಮಹಿಳೆಯರ ಅರ್ಜಿಗಳು ಖಾಸಗಿ ವಿಷಯವೆಂಬ ನೆಲೆಯಲ್ಲಿ ತಿರಸ್ಕೃತವಾಗುವ ಸಂಭವವಿರುತ್ತದೆ.

2. ಕಾನೂನಿನ ಬೆಳವಣಿಗೆ

ಒಡಂಬಡಿಕೆಯ ಪಠ್ಯವನ್ನು ತಿದ್ದುಪಡಿ ಮಾಡದೆ, ಸಾಮಾಜಿಕ ಗುಂಪು ಎಂಬ ಪದದ ವ್ಯಾಖ್ಯಾನದ ಮೂಲಕ ಈ ಕೊರತೆಯನ್ನು ನೀಗಿಸುತ್ತ ಬರಲಾಗಿದೆ.

ಅ) 1985: ಸಾಮಾಜಿಕ ಕಟ್ಟುಪಾಡುಗಳನ್ನು ಮೀರಿದ ಕಾರಣ ಅಮಾನವೀಯ ವರ್ತನೆಗೆ ಒಳಗಾಗುವ ಮಹಿಳೆಯರನ್ನು ಸಾಮಾಜಿಕ ಗುಂಪೆಂದು ಪರಿಗಣಿಸಲು ರಾಷ್ಟ್ರಗಳು ಸ್ವತಂತ್ರವೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಅವರ ಕಾರ್ಯಕಾರಿ ಸಮಿತಿಯು ನಿರ್ಣಯಿಸಿತು.

ಆ) 1993: ಕೆನಡಾ ದೇಶವು ಲಿಂಗಾಧಾರಿತ ಕಿರುಕುಳದ ಅರ್ಜಿಗಳಿಗಾಗಿಯೇ ಮಾರ್ಗಸೂಚಿಗಳನ್ನು ಹೊರಡಿಸಿತು.

ಇ) 1996: ಜನನಾಂಗ ಛೇದನದ ಭೀತಿಯಿಂದ ಬಂದ ಟೋಗೊ ದೇಶದ ಯುವತಿಗೆ ಅಮೆರಿಕದ ವಲಸೆ ಮೇಲ್ಮನವಿ ಮಂಡಳಿಯು ಆಶ್ರಯ ನೀಡಿತು.

ಈ) 1999: ವ್ಯಭಿಚಾರದ ಆರೋಪ ಹೊತ್ತು, ಸ್ವದೇಶದಲ್ಲಿ ರಕ್ಷಣೆಯಿಲ್ಲದಿದ್ದ ಇಬ್ಬರು ಪಾಕಿಸ್ತಾನಿ ಮಹಿಳೆಯರನ್ನು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ನಿರಾಶ್ರಿತರೆಂದು ಮಾನ್ಯ ಮಾಡಿತು.

ಉ) 2024: ಆಫ್ಘನ್ ಮಹಿಳೆಯರ ವಿಷಯದಲ್ಲಿ ರಾಷ್ಟ್ರೀಯತೆ ಹಾಗೂ ಲಿಂಗವನ್ನಷ್ಟೇ ಪರಿಗಣಿಸಿದರೂ ಸಾಕೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವು ತೀರ್ಪಿತ್ತಿತು.

3. ವಿಚಾರಣಾ ಕ್ರಮ

ಕಾನೂನು ಅನುಕೂಲಕರವಾಗಿದ್ದರೂ ವಿಚಾರಣಾ ಕ್ರಮವು ಸಮರ್ಪಕವಾಗಿಲ್ಲದಿದ್ದಲ್ಲಿ ಹಕ್ಕು ನಿರರ್ಥಕವಾಗುತ್ತದೆ. ಪತಿಯ ಅರ್ಜಿಯಲ್ಲಿ ಕೇವಲ ಅವಲಂಬಿತಳೆಂದು ನಮೂದಾದ ಮಹಿಳೆಯು ತನ್ನ ಸ್ವಂತ ಕಾರಣಗಳನ್ನು ಹೇಳಿಕೊಳ್ಳುವ ಅವಕಾಶದಿಂದಲೇ ವಂಚಿತಳಾಗಬಹುದು; ಪತಿಯೇ ಹಿಂಸೆಗೆ ಕಾರಣನಾಗಿದ್ದಲ್ಲಿ ಆತನ ಸಮ್ಮುಖದಲ್ಲಿ ಆಕೆ ಬಾಯಿ ಬಿಡಲಾರಳು. ಆದ್ದರಿಂದ ಹೈಕಮಿಷನರ್ ಕಚೇರಿಯ 2002ರ ಮಾರ್ಗಸೂಚಿಗಳಲ್ಲಿ ಈ ಕೆಳಕಂಡಂತೆ ಸೂಚಿಸಲಾಗಿದೆ:

• ಕುಟುಂಬದ ಪುರುಷರ ಅನುಪಸ್ಥಿತಿಯಲ್ಲಿ ಪ್ರತ್ಯೇಕ ಸಂದರ್ಶನ ನಡೆಸುವುದು;
• ಸ್ವತಂತ್ರವಾಗಿ ಆಶ್ರಯ ಕೋರಬಹುದೆಂಬುದನ್ನು ತಿಳಿಯಪಡಿಸುವುದು;
• ಮಹಿಳಾ ಸಂದರ್ಶಕರು ಹಾಗೂ ಮಹಿಳಾ ದುಭಾಷಿಗಳನ್ನು ಒದಗಿಸುವುದು;
• ಹೇಳಿಕೆಯ ಗೋಪ್ಯತೆ ಕಾಪಾಡುವುದು;
• ಅತ್ತರೆ ಅಥವಾ ಅಳದಿದ್ದರೆ ಅದರಿಂದಲೇ ಹೇಳಿಕೆಯ ಸತ್ಯಾಸತ್ಯತೆಯನ್ನು ಅಳೆಯದಿರುವುದು.

4. ಭಾರತದ ಸ್ಥಿತಿ

ಭಾರತವು 1951ರ ಒಡಂಬಡಿಕೆಗೆ ಸೇರಿರುವುದಿಲ್ಲ. ನಿರಾಶ್ರಿತರಿಗಾಗಿ ಪ್ರತ್ಯೇಕ ಕಾನೂನೂ ಇರುವುದಿಲ್ಲ. ಆದಾಗ್ಯೂ ಸಂವಿಧಾನದ 21ನೇ ಅನುಚ್ಛೇದದ ಜೀವ ರಕ್ಷಣೆಯು ನಾಗರಿಕರಲ್ಲದವರಿಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ (1996) ಎತ್ತಿಹಿಡಿದಿದೆ. ಮಹಿಳೆಯರ ವಿರುದ್ಧದ ಎಲ್ಲಾ ಬಗೆಯ ತಾರತಮ್ಯಗಳ ನಿವಾರಣಾ ಒಡಂಬಡಿಕೆಯನ್ನು ಭಾರತವು 1993ರಲ್ಲಿ ಸ್ಥಿರೀಕರಿಸಿದ್ದು, ಸದರಿ ಒಡಂಬಡಿಕೆಯು ಆಶ್ರಯ ಕೋರುವ ಮಹಿಳೆಯರಿಗೂ ಅನ್ವಯಿಸುತ್ತದೆಂದು ಅದರ ಸಮಿತಿಯು 2014ರ 32ನೇ ಸಾಮಾನ್ಯ ಶಿಫಾರಸಿನಲ್ಲಿ ಸ್ಪಷ್ಟಪಡಿಸಿದೆ.